ಪಾತ್ರೆ ತೊಳೆಯುವ ನೀರು ಮತ್ತು ಆಗ್ನೆಸ್ ಪೊಕೆಲ್ಸ್

ಮಕ್ಕಳನ್ನು ಕಟ್ಟಿಕೊಂಡು ಅಡುಗೆಮನೆಯಲ್ಲಿ ಪ್ರಯೋಗ ಮಾಡುವ ಚಟ ನನಗೆ ಹತ್ತಿದ್ದು ವಿಜ್ಞಾನಕ್ಕಾಗಿ ಅಲ್ಲ, ಕನ್ನಡಕ್ಕಾಗಿ. ಪುಣೆಯಲ್ಲೇ ಹುಟ್ಟಿ ಬೆಳೆಯುತ್ತಿರುವ ಮೊಮ್ಮಕ್ಕಳಿಗೆ ಕನ್ನಡದಲ್ಲಿ ಮಾತಾಡಿ ಎಂದರೆ ಬಾಯಿ ಕಟ್ಟಿಬಿಡುತ್ತದೆ. ಅದೇ ಒಂದು ತಟ್ಟೆಯಲ್ಲಿ ನೀರು ಹಾಕಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಸೋಪು ಹಚ್ಚಿದ ಬೆರಳನ್ನು ನಡುವೆ ಮುಟ್ಟಿಸಿ ನೋಡಿ. ಪುಡಿಯೆಲ್ಲ ಹೆದರಿದ ಹಾಗೆ ಅಂಚಿಗೆ ಓಡುತ್ತದೆ, ಮಕ್ಕಳ ಮಾತೂ ಓಡುತ್ತದೆ. ತೇಲು, ಮುಳುಗು, ಜಿಡ್ಡು, ಹರಡು, ಅಂಟು ಇವೆಲ್ಲ ನಮ್ಮ ಮನೆಗೆ ಬಂದದ್ದು ಹೀಗೆ.

ನೀರಿನ ಮೇಲ್ಮೈ ಬಿಗಿಯಾಗಿ ಎಳೆದು ಕಟ್ಟಿದ ತೆಳು ಬಟ್ಟೆಯ ಹಾಗೆ ವರ್ತಿಸುತ್ತದೆ. ಸೋಪು ತಾಗಿದ ಕಡೆ ಆ ಬಿಗಿ ಸಡಿಲವಾಗುತ್ತದೆ. ಸುತ್ತಲಿನ ನೀರು ಇನ್ನೂ ಬಿಗಿಯಾಗಿಯೇ ಇರುವುದರಿಂದ ಪುಡಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಇದಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ. ಇಷ್ಟು ಹೇಳಿ ನಾನು ಒಮ್ಮೆ ಕೈ ಒರೆಸಿಕೊಳ್ಳುತ್ತಿದ್ದಾಗ ಮೊಮ್ಮಗಳು, ಎಷ್ಟು ಸೋಪಿಗೆ ಎಷ್ಟು ದೂರ ಓಡುತ್ತದೆ ಅಂತ ಕೇಳಿದಳು. ಎಷ್ಟು ಎಂಬ ಇದೇ ಪ್ರಶ್ನೆಯನ್ನು ಒಂದು ಶತಮಾನಕ್ಕೂ ಹಿಂದೆ ಪಾತ್ರೆ ತೊಳೆಯುವ ಇನ್ನೊಬ್ಬ ಹುಡುಗಿ ಕೇಳಿಕೊಂಡಿದ್ದಳು, ಉತ್ತರವನ್ನೂ ಹುಡುಕಿದ್ದಳು. ಅವಳ ಕಥೆಯನ್ನೇ ಈ ಸಲ ಬರೆಯುತ್ತಿದ್ದೇನೆ.

ಆಗ್ನೆಸ್ ಪೊಕೆಲ್ಸ್ ಹುಟ್ಟಿದ್ದು 1862ರ ಫೆಬ್ರವರಿ 14ರಂದು, ವೆನಿಸ್‌ನಲ್ಲಿ. ಆಗ ವೆನಿಸ್ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು, ತಂದೆ ಆಸ್ಟ್ರಿಯಾದ ಸೈನ್ಯದಲ್ಲಿದ್ದರು. ಅವರ ಆರೋಗ್ಯ ಕೆಟ್ಟು ಬೇಗ ನಿವೃತ್ತರಾದ ಮೇಲೆ, 1871ರಲ್ಲಿ, ಸಂಸಾರ ಜರ್ಮನಿಯ ಬ್ರೌನ್‌ಶ್ವೈಗ್ ಊರಿಗೆ ಬಂದು ನೆಲೆಸಿತು. ಆಗ್ನೆಸ್ ಓದಿದ್ದು ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ. ಭೌತಶಾಸ್ತ್ರವೆಂದರೆ ಪ್ರಾಣ. ಆದರೆ ಅಂದಿನ ಜರ್ಮನಿಯ ವಿಶ್ವವಿದ್ಯಾಲಯಗಳು ಹುಡುಗಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮುಂದೆ ಬಾಗಿಲು ತುಸು ತೆರೆದಾಗ ಅಪ್ಪ ಅಮ್ಮನೇ ಬೇಡ ಎಂದರು. ಇಬ್ಬರಿಗೂ ಕಾಯಿಲೆ, ಮನೆ ನೋಡಿಕೊಳ್ಳುವವರು ಬೇಕಿತ್ತಲ್ಲ!

ಅವಳಿಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ ಫ್ರೀಡ್ರಿಖ್ ಗಟಿಂಗೆನ್‌ಗೆ ಹೋಗಿ ಭೌತಶಾಸ್ತ್ರ ಓದಿದ, ಪ್ರೊಫೆಸರ್ ಆದ. ಒಂದೇ ಮನೆ, ಒಂದೇ ಊಟ. ಅವನ ಮೇಲೆ ನನಗೆ ಸಿಟ್ಟಿಲ್ಲ, ಯಾಕೆಂದರೆ ಅಕ್ಕನಿಗೆ ಬೇಕಾದ ಪುಸ್ತಕ, ಪತ್ರಿಕೆಗಳನ್ನು ಒದಗಿಸುತ್ತಾ ಬಂದವನು ಅವನೇ. ಅವಳ ಕಾಲೇಜು ಎಂದರೆ ಅಷ್ಟೇ.

ಎಣ್ಣೆ ಪಾತ್ರೆ ತೊಳೆದ ನೀರಿನ ಮೇಲೆ ಜಿಡ್ಡು ಹರಡುವುದನ್ನು ನಾವೆಲ್ಲ ದಿನಾ ನೋಡುತ್ತೇವೆ, ನೋಡಿ ಚೆಲ್ಲುತ್ತೇವೆ. ಆಗ್ನೆಸ್ ಚೆಲ್ಲಲಿಲ್ಲ. 1882ರ ಹೊತ್ತಿಗೆ, ಇಪ್ಪತ್ತರ ವಯಸ್ಸಿನಲ್ಲಿ, ಅವಳು ತಗಡಿನ ಒಂದು ಉದ್ದನೆಯ ತೊಟ್ಟಿಯನ್ನು ಸಿದ್ಧಪಡಿಸಿಕೊಂಡಿದ್ದಳು. ಮುಂದೆ ಅವಳು ಬರೆದು ತಿಳಿಸಿದ ಅಳತೆಗಳ ಪ್ರಕಾರ ಅದು 70 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ಎತ್ತರ. ಅಂಚಿನ ತನಕ ನೀರು ತುಂಬಿಸಿ, ನೀರಿಗೆ ತಾಗುವಂತೆ ಅಡ್ಡಲಾಗಿ ಒಂದು ತಗಡಿನ ಪಟ್ಟಿ ಇಡುವುದು. ಪಟ್ಟಿಯನ್ನು ಅತ್ತಿತ್ತ ಸರಿಸಿದರೆ ಜಿಡ್ಡಿನ ಪದರ ಹಿಗ್ಗುತ್ತದೆ, ಕುಗ್ಗುತ್ತದೆ. ರಂಗೋಲಿಗೆ ಮುಂಚೆ ಅಂಗಳ ಗುಡಿಸುವ ಹಾಗೆ, ಅದೇ ಪಟ್ಟಿಯಿಂದ ನೀರಿನ ಮೇಲ್ಮೈಯನ್ನು ಬಳಿದು ಶುದ್ಧ ಮಾಡಲೂಬಹುದು. ಮೇಲ್ಮೈ ಎಳೆತ ಅಳೆಯುವುದಕ್ಕೆ ಒಂದು ತಕ್ಕಡಿ, ಅದಕ್ಕೆ ತೂಗುಬಿಟ್ಟ ಗುಂಡಿಯಷ್ಟಗಲದ ಪುಟ್ಟ ಬಿಲ್ಲೆ. ಬಿಲ್ಲೆಯನ್ನು ನೀರಿನಿಂದ ಬಿಡಿಸಲು ಎಷ್ಟು ತೂಕ ಬೇಕು ಎಂಬುದೇ ಲೆಕ್ಕ.

ಆ ಲೆಕ್ಕದಿಂದ ಅವಳು ಕಂಡುಕೊಂಡದ್ದು ಸಣ್ಣ ಸಂಗತಿಯಲ್ಲ. ಪದರ ವಿಶಾಲವಾಗಿ ಹರಡಿಕೊಂಡಿದ್ದಾಗ ನೀರಿನ ಎಳೆತ ಶುದ್ಧ ನೀರಿನಷ್ಟೇ ಇರುತ್ತದೆ. ಪಟ್ಟಿ ಸರಿಸುತ್ತಾ ಜಾಗ ಕಿರಿದು ಮಾಡುತ್ತಾ ಹೋದರೆ, ಒಂದು ನಿರ್ದಿಷ್ಟ ಹಂತದಲ್ಲಿ ಎಳೆತ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಜಿಡ್ಡಿನ ಅಣುಗಳು ಭುಜಕ್ಕೆ ಭುಜ ತಾಗಿಸಿ ಒಂದೇ ಸಾಲು ದಪ್ಪದಲ್ಲಿ ನಿಲ್ಲುವ ಹಂತವದು ಎಂದು ಆಮೇಲೆ ಗೊತ್ತಾಯಿತು. ಅಣುಗಳು ನಿಜವಾಗಿ ಇವೆಯೋ ಇಲ್ಲವೋ ಎಂದು ದೊಡ್ಡವರೇ ವಾದಿಸುತ್ತಿದ್ದ ಕಾಲದಲ್ಲಿ ಇಷ್ಟನ್ನು ಅಳೆದಿದ್ದಳು.

ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ. ಇಂಗ್ಲೆಂಡಿನ ಹೆಸರಾಂತ ವಿಜ್ಞಾನಿ ಲಾರ್ಡ್ ರೇಲಿ ನೀರಿನ ಮೇಲಿನ ಎಣ್ಣೆಪದರದ ಬಗ್ಗೆ ಕೆಲಸ ಮಾಡುತ್ತಿದ್ದಾರೆಂಬ ಸುದ್ದಿ ತಿಳಿದು, 1891ರ ಜನವರಿಯಲ್ಲಿ ಅವರಿಗೆ ಜರ್ಮನ್‌ನಲ್ಲಿ ಒಂದು ಉದ್ದನೆಯ ಪತ್ರ ಬರೆದಳು. ತನಗೆ ಎಲ್ಲೂ ಪ್ರಕಟಿಸುವ ಅನುಕೂಲವಿಲ್ಲ, ಕಂಡದ್ದನ್ನು ನಿಮಗಾದರೂ ತಿಳಿಸುತ್ತೇನೆ ಎಂಬ ಧಾಟಿಯ ಪತ್ರ. ರೇಲಿಯವರ ಹೆಂಡತಿ ಅದನ್ನು ಇಂಗ್ಲಿಷಿಗೆ ಅನುವಾದಿಸಿದರು. ರೇಲಿ ಅದನ್ನು ಓದಿ ಸುಮ್ಮನೆ ಬೀರುವಿಗೆ ಸೇರಿಸಲಿಲ್ಲ, ಅದರಿಂದ ತಮಗೆ ಬೇಕಾದ್ದನ್ನು ಎತ್ತಿಕೊಳ್ಳಲೂ ಇಲ್ಲ. ನೇಚರ್ ಪತ್ರಿಕೆಗೆ ಶಿಫಾರಸು ಮಾಡಿ ಕಳಿಸಿದರು. ಮಾರ್ಚ್ 12ರ ಸಂಚಿಕೆಯಲ್ಲಿ ಅದು ಆಗ್ನೆಸ್ ಹೆಸರಿನಲ್ಲೇ ಅಚ್ಚಾಯಿತು. ಆಮೇಲೆ ಅವಳು ಇನ್ನೂ ಹಲವು ಲೇಖನ ಬರೆದಳು.

ಅಡುಗೆಮನೆಯಲ್ಲೇ ಇದ್ದು ಎಷ್ಟು ಸಾಧಿಸಿದಳು ನೋಡಿ ಎಂದು ಈ ಕಥೆಯನ್ನು ಸಕ್ಕರೆ ಹಾಕಿ ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. 1882ರಿಂದ 1891 ಎಂದರೆ ಒಂಬತ್ತು ವರ್ಷ. ಹಗಲು ರೋಗಿಗಳ ಆರೈಕೆ, ಅಡುಗೆ, ಮನೆಗೆಲಸ, ಉಳಿದ ಹೊತ್ತಿನಲ್ಲಿ ತಕ್ಕಡಿ. ಒಬ್ಬ ಗುರು, ಒಂದು ಪ್ರಯೋಗಶಾಲೆ ಸಿಕ್ಕಿದ್ದರೆ ಅವಳು ಎಲ್ಲಿ ಮುಟ್ಟುತ್ತಿದ್ದಳೋ. ನಮ್ಮ ವೇದಿಕೆಯಲ್ಲೇ ಬಿಎಸ್‌ಸಿ ಮುಗಿಸಿ, ಮದುವೆಯಾಗಿ, ಗಂಡನ ವರ್ಗಾವಣೆಯ ಹಿಂದೆ ನಾಲ್ಕೈದು ಊರು ಸುತ್ತಿ, ಸರ್ಟಿಫಿಕೇಟನ್ನು ಸೀರೆಯ ಅಡಿ ಇಟ್ಟವರು ಎಷ್ಟು ಜನರಿದ್ದೇವೆ? ನಾನೂ ಒಬ್ಬಳು. ಅಡುಗೆಮನೆಯನ್ನು ಹೊಗಳುವ ಮುಂಚೆ ಅದನ್ನು ಲೆಕ್ಕ ಹಾಕಬೇಕು.

1913ರಲ್ಲಿ ತಮ್ಮ ತೀರಿಕೊಂಡ. ಆಮೇಲೆ ಯುದ್ಧ, ತನ್ನದೇ ಅನಾರೋಗ್ಯ, ಕೆಲಸ ಕಡಿಮೆಯಾಗುತ್ತಾ ಬಂತು. ಅಷ್ಟರಲ್ಲಿ ಅಮೆರಿಕದ ಅರ್ವಿಂಗ್ ಲ್ಯಾಂಗ್ಮ್ಯೂರ್ ಅವಳದೇ ಬಗೆಯ ತೊಟ್ಟಿಯನ್ನು ಸುಧಾರಿಸಿ, ಮೇಲ್ಮೈ ರಸಾಯನಶಾಸ್ತ್ರವನ್ನು ಬಹಳ ಮುಂದೆ ಒಯ್ದರು. 1932ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ 1932ರಲ್ಲಿ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿಶ್ವವಿದ್ಯಾಲಯ ಎಪ್ಪತ್ತು ವರ್ಷದ ಆಗ್ನೆಸ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕಾಲೇಜಿನ ಮೆಟ್ಟಿಲು ಹತ್ತದ ಹೆಣ್ಣುಮಗಳು ಡಾಕ್ಟರ್ ಪೊಕೆಲ್ಸ್ ಆದಳು. 1935ರ ನವೆಂಬರ್ 21ರಂದು ಅದೇ ಊರಿನಲ್ಲಿ ತೀರಿಕೊಂಡಳು. ತೊಟ್ಟಿಗೆ ಇಂದು ಲ್ಯಾಂಗ್ಮ್ಯೂರ್ ತೊಟ್ಟಿ ಎಂದೇ ಹೆಸರು.

ಮಕ್ಕಳಿಗೆ ಈ ಕಥೆ ಹೇಳುವುದಾದರೆ ಮೆಣಸಿಗಿಂತ ಕರ್ಪೂರ ಒಳ್ಳೆಯದು. ತಟ್ಟೆಯನ್ನು ಸೋಪು ಒಂದಿಷ್ಟೂ ಉಳಿಯದಂತೆ ತೊಳೆದು, ನೀರು ತುಂಬಿ, ಸಾಸಿವೆ ಗಾತ್ರದ ಕರ್ಪೂರದ ಚೂರು ಹಾಕಿದರೆ ಗಿರಗಿರನೆ ಕುಣಿಯುತ್ತದೆ. ಎಣ್ಣೆ ಸವರಿದ ಕಡ್ಡಿಯ ತುದಿ ನೀರಿಗೆ ತಾಗಿಸಿದರೆ ಕುಣಿತ ನಿಲ್ಲುತ್ತದೆ. ರೇಲಿ ಕೂಡ ದೊಡ್ಡದೊಂದು ಸ್ನಾನದ ಬೋಗುಣಿಯಲ್ಲಿ ಇದನ್ನೇ ಮಾಡಿ, ಕರ್ಪೂರ ನಿಲ್ಲಿಸಲು ಎಷ್ಟು ಆಲಿವ್ ಎಣ್ಣೆ ಬೇಕೆಂದು ತೂಗಿದ್ದರು. ಮೊದಲು ಚಿಕ್ಕ ತಟ್ಟೆ, ಆಮೇಲೆ ದೊಡ್ಡ ಪರಾತ. ಎರಡರಲ್ಲೂ ಎಷ್ಟು ಸಲ ಕಡ್ಡಿ ತಾಗಿಸಬೇಕಾಯಿತು ಎಂದು ಮಕ್ಕಳೇ ಎಣಿಸಿ ಬರೆದಿಡಲಿ. ಕರ್ಪೂರ ವಿಷ, ಬಾಯಿಗೆ ಹೋಗದಂತೆ ನೀವು ಪಕ್ಕದಲ್ಲೇ ಕೂತಿರಿ, ಮುಗಿದ ಮೇಲೆ ಎಲ್ಲರ ಕೈ ತೊಳೆಸಿ.