ಸೇವಾಮಯಿ ಮಾತೆ ಕೆವಿನ್

ಪೂರ್ವ ಆಫ್ರಿಕದ ಉಗಾಂಡಾ ದೇಶದಲ್ಲಿ ಸಂನ್ಯಾಸಿನಿಯೊಬ್ಬರ ಹೆಸರು ಸೇವೆಗೇ ಪರ್ಯಾಯಪದವಾಯಿತು. ಬಡವರಿಗೆ ಆಸರೆಯಾದ ಆಸ್ಪತ್ರೆಯನ್ನೂ ಸೇವಾಸಂಸ್ಥೆಯನ್ನೂ ಅಲ್ಲಿನ ಜನರು ‘ಕೆವಿನಾ’ ಎಂದೇ ಕರೆದರು. ಈ ಗೌರವಕ್ಕೆ ಪಾತ್ರರಾದವರು ಐರ್ಲೆಂಡಿನ ಮಾತೆ ಕೆವಿನ್.

ಅವರ ಪೂರ್ವಾಶ್ರಮದ ಹೆಸರು ತೆರೇಸಾ ಕಿಯರ್ನಿ. 1875ರಲ್ಲಿ ವಿಕ್ಲೊ ಪ್ರಾಂತದ ರೈತ ಕುಟುಂಬವೊಂದರಲ್ಲಿ ಅವರು ಜನಿಸಿದರು. ಮಗಳ ಮುಖವನ್ನು ನೋಡುವ ಮುನ್ನವೇ ತಂದೆ ಮರಣಹೊಂದಿದ್ದರು. ಹತ್ತನೆಯ ವಯಸ್ಸಿನಲ್ಲಿ ತಾಯಿಯೂ ಅಗಲಿದರು. ಅಜ್ಜಿಯ ಮಡಿಲಲ್ಲಿ ಬೆಳೆದ ಈ ತಬ್ಬಲಿಗೆ ಅನಾಥರ ನೋವೇನೆಂಬುದು ತಿಳಿದಿತ್ತು. 1895ರಲ್ಲಿ ಅವರು ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ಫ್ರಾನ್ಸಿಸ್ಕನ್ ಸಂನ್ಯಾಸಿನಿಯರ ಮಠವನ್ನು ಸೇರಿದರು.

1902ರ ಡಿಸೆಂಬರಿನಲ್ಲಿ ಆ ಮಠದ ಆರು ಮಂದಿ ಸಂನ್ಯಾಸಿನಿಯರು ಆಫ್ರಿಕಕ್ಕೆ ಹೊರಟರು. ಅವರಲ್ಲಿ ಕೆವಿನ್ ಒಬ್ಬರು. ಮರುವರ್ಷದ ಜನವರಿಯಲ್ಲಿ ಅವರು ಕಂಪಾಲದ ನ್ಸಾಂಬ್ಯಾ ಗುಡ್ಡವನ್ನು ತಲುಪಿದರು. ವಿಕ್ಟೋರಿಯಾ ಸರೋವರದ ತೀರದಲ್ಲಿ ನಿದ್ರಾರೋಗವು ಹಳ್ಳಿಹಳ್ಳಿಗಳನ್ನೇ ಬರಿದುಮಾಡುತ್ತಿದ್ದ ಕಾಲವದು. ಸಂನ್ಯಾಸಿನಿಯರ ಬಳಿ ಆಸ್ಪತ್ರೆಯ ಕಟ್ಟಡವಿರಲಿಲ್ಲ. ಮಾವಿನ ಮರವೊಂದರ ನೆರಳೇ ಅವರ ಚಿಕಿತ್ಸಾಲಯವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯದ ಹೊರೆಗಳನ್ನು ಹೊತ್ತು ಬಳಲಿದ ಆಫ್ರಿಕದ ಆಳುಗಳಿಗೂ ಅಲ್ಲಿ ಶುಶ್ರೂಷೆ ದೊರೆಯಿತು.

ಆದರೆ ಮತ್ತೊಂದು ಸಂಕಟ ಮಾತೆಯವರನ್ನು ಕಾಡುತ್ತಿತ್ತು. ಹೆರಿಗೆಯ ವೇಳೆಯಲ್ಲಿ ಅನೇಕ ತಾಯಂದಿರೂ ಶಿಶುಗಳೂ ಸಾವಿಗೀಡಾಗುತ್ತಿದ್ದರು. ಸಂನ್ಯಾಸಿನಿಯರು ಹೆರಿಗೆ ಮಾಡಿಸಬಾರದೆಂಬುದು ಅಂದಿನ ಚರ್ಚಿನ ಕಟ್ಟಳೆ. ವ್ರತವನ್ನು ಮುರಿಯುವಂತಿಲ್ಲ, ಜೀವ ಹೋಗುವುದನ್ನು ನೋಡುತ್ತ ಕೈಕಟ್ಟಿ ಕೂರುವಂತೆಯೂ ಇಲ್ಲ. ಮಾತೆ ಕೆವಿನ್ ಇವೆರಡರ ನಡುವೆ ದಾರಿಯೊಂದನ್ನು ಹುಡುಕಿದರು. ಸಂನ್ಯಾಸಿನಿಯಲ್ಲದ ವೈದ್ಯೆ ಎವೆಲಿನ್ ಕಾನೊಲಿಯವರ ನೆರವಿನಿಂದ ನ್ಸಾಂಬ್ಯಾದಲ್ಲಿ ಶಾಲೆಯೊಂದನ್ನು ತೆರೆದು, ಸ್ಥಳೀಯ ಹೆಣ್ಣುಮಕ್ಕಳಿಗೆ ದಾದಿಯರ ಹಾಗೂ ಸೂಲಗಿತ್ತಿಯರ ಶಿಕ್ಷಣ ಕೊಡಿಸಿದರು. ಚರ್ಚಿನ ಆ ಕಟ್ಟಳೆ ಸಡಿಲವಾದದ್ದು 1936ರಲ್ಲಿ.

ಪರದೇಶದವರು ಎಷ್ಟು ಕಾಲ ತಾನೇ ಸೇವೆ ಮಾಡಬಲ್ಲರು? ನೆಲದ ಮಕ್ಕಳೇ ಆ ಹೊಣೆಯನ್ನು ಹೊತ್ತಾಗ ಮಾತ್ರ ಸೇವೆ ಸ್ಥಿರವಾಗುತ್ತದೆಂದು ಮಾತೆಯವರು ನಂಬಿದ್ದರು. 1923ರಲ್ಲಿ ನ್ಕೊಕೊಂಜೆರುವಿನಲ್ಲಿ ಎಂಟು ಮಂದಿ ಆಫ್ರಿಕದ ತರುಣಿಯರೊಡನೆ ‘ಸಂತ ಫ್ರಾನ್ಸಿಸರ ಕಿರಿಯ ಸೋದರಿಯರು’ ಎಂಬ ಸಂಘವನ್ನು ಅವರು ಸ್ಥಾಪಿಸಿದರು. ಶಾಲೆ, ಆಸ್ಪತ್ರೆ, ಅನಾಥಾಲಯಗಳ ಮೂಲಕ ಬಡ ಕುಟುಂಬಗಳಿಗೆ ನೆರವಾದ ಆ ಸಂಘ ಮುಂದೆ ಕೀನ್ಯಾ, ಟಾಂಜಾನಿಯಾಗಳಿಗೂ ಹಬ್ಬಿತು. ಕುಷ್ಠರೋಗಿಗಳಿಗಾಗಿ ನ್ಯೆಂಗಾ ಮತ್ತು ಬುಲುಬಾಗಳಲ್ಲಿ ಆಶ್ರಯಧಾಮಗಳು ತಲೆಯೆತ್ತಿದವು.

ಮುಪ್ಪಿನಲ್ಲಿಯೂ ಅವರಿಗೆ ವಿಶ್ರಾಂತಿ ರುಚಿಸಲಿಲ್ಲ. ಎಂಬತ್ತರ ವಯಸ್ಸಿನಲ್ಲಿ ಅಮೆರಿಕದ ಬಾಸ್ಟನ್ನಿಗೆ ತೆರಳಿ, ಆಫ್ರಿಕದ ಕಾರ್ಯಕ್ಕಾಗಿ ಧನಸಂಗ್ರಹದಲ್ಲಿ ತೊಡಗಿದರು. 1957ರ ಅಕ್ಟೋಬರಿನಲ್ಲಿ ಅಲ್ಲಿಯೇ ನಿಧನರಾದರು. ತಮ್ಮ ತಾಯಿ ತಮ್ಮ ನೆಲದಲ್ಲಿಯೇ ಚಿರನಿದ್ರೆಗೈಯಬೇಕೆಂದು ಉಗಾಂಡಾದ ಜನ ಬೇಡಿಕೊಂಡರು. ಅವರ ಪಾರ್ಥಿವ ಶರೀರವನ್ನು ವಿಮಾನದಲ್ಲಿ ತಂದು ನ್ಕೊಕೊಂಜೆರುವಿನಲ್ಲಿ ಸಮಾಧಿ ಮಾಡಲಾಯಿತು.

ಮಾವಿನ ಮರದ ನೆರಳಿನಲ್ಲಿ ಮೊಳೆತ ಆ ಚಿಕಿತ್ಸಾಲಯ ಇಂದು ದೊಡ್ಡ ಆಸ್ಪತ್ರೆಯಾಗಿ ಬೆಳೆದಿದೆ. ದೀನರ ಕಣ್ಣೀರನ್ನು ಒರೆಸುವುದು ಹಿರಿದಾದ ಕಾರ್ಯ. ಆ ಕಾರ್ಯಕ್ಕೆ ಅವರ ಮಕ್ಕಳನ್ನೇ ಅಣಿಗೊಳಿಸುವುದು ಅದಕ್ಕಿಂತಲೂ ಹಿರಿದು. ಮಾತೆ ಕೆವಿನ್ ಇವೆರಡನ್ನೂ ಸಾಧಿಸಿದರು.