ಪ್ಲೇಗಿನ ಗುಟ್ಟನ್ನು ಬಿಡಿಸಿದ ಸಿಮೋಂ

ಗುಡೂರು, ಇಳಕಲ್ಲು, ಹುನಗುಂದಗಳ ಸೀಮೆಯ ಹಳೆಯ ಮನೆಗಳಿಗೆ ದಪ್ಪನೆಯ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಜೋಳವನ್ನು ಕೂಡಿಡಲು ನೆಲದೊಳಗೆ ಹಗೇವು. ಕಾಳಿದ್ದಲ್ಲಿ ಇಲಿಗಳು ಬಿಲ ತೋಡಿಕೊಂಡಿರುವುದು ಸಹಜವೇ. ಆದರೆ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ, ಮನೆಯೊಳಗೆ ಇಲಿಯೊಂದು ತಾನಾಗಿ ಸತ್ತು ಬಿದ್ದರೆ ಕನ್ನಡ ನಾಡಿನ ಜನ ನಡುಗುತ್ತಿದ್ದರು. ಮನೆಗೆ ಬೀಗವಿಕ್ಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ವಾಸಿಸುತ್ತಿದ್ದರು. ಇಲಿಯ ಸಾವಿನ ಹಿಂದೆಯೇ ಪ್ಲೇಗಿನ ಮಾರಿ ಬರುವುದೆಂಬುದು ಅವರ ಅನುಭವವಾಗಿತ್ತು. ಈ ಎರಡು ಸಾವುಗಳ ನಡುವಣ ಕೊಂಡಿಯನ್ನು ಕಂಡುಹಿಡಿದವನು ಫ್ರಾನ್ಸ್ ದೇಶದ ವೈದ್ಯ ಪಾಲ್ ಲೂಯಿ ಸಿಮೋಂ.

ಸಿಮೋಂ ಹುಟ್ಟಿದುದು 1858ರ ಜುಲೈ 30ರಂದು. ತಂದೆ ಕ್ರೈಸ್ತ ಪಾದ್ರಿ. ವೈದ್ಯಶಾಸ್ತ್ರವನ್ನು ಓದಿ, ದೂರದ ದೇಶಗಳಲ್ಲಿ ಸೇವೆ ಸಲ್ಲಿಸಿದ ಸಿಮೋಂ, ಬಳಿಕ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪರೋಪಜೀವಿಗಳನ್ನು ಕುರಿತು ಅಭ್ಯಾಸ ಮಾಡಿದನು.

1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ಕ್ರಮೇಣ ಧಾರವಾಡ, ಹುಬ್ಬಳ್ಳಿ, ವಿಜಾಪುರಗಳ ಕಡೆಗೂ ಹಬ್ಬಿತು. 1898ರಲ್ಲಿ ಬೆಂಗಳೂರನ್ನೂ ಹೊಕ್ಕಿತು. ರೋಗಾಣುವನ್ನು ಯೆರ್ಸಿನ್ 1894ರಲ್ಲಿಯೇ ಗುರುತಿಸಿದ್ದನು. ಆದರೆ ಅದು ಮನುಷ್ಯನ ಮೈಯನ್ನು ಸೇರುವ ಬಗೆ ತಿಳಿದಿರಲಿಲ್ಲ. ಕೊಳಕು, ಧೂಳು, ಕೆಟ್ಟ ಗಾಳಿ, ಆಹಾರ ಎಂದು ಹಲವರು ಹಲವು ಕಾರಣಗಳನ್ನು ಹೇಳುತ್ತಿದ್ದರು.

1897ರಲ್ಲಿ ಭಾರತಕ್ಕೆ ಬಂದ ಸಿಮೋಂ ರೋಗಿಗಳ ಮನೆಗಳಿಗೆ ತಾನೇ ಹೋಗಿ ನೋಡಿದನು. ಆಗ ತಾನೇ ಸತ್ತ ಇಲಿಗಳನ್ನು ಎತ್ತಿ ಹಾಕಿದವರಿಗೆ ರೋಗ ತಗಲುತ್ತಿತ್ತು. ಸತ್ತು ಬಹಳ ಹೊತ್ತಾದ ಇಲಿಗಳನ್ನು ಮುಟ್ಟಿದವರಿಗೆ ಏನೂ ಆಗುತ್ತಿರಲಿಲ್ಲ. ಕೆಲವು ರೋಗಿಗಳ ಮೈಮೇಲೆ ಕೀಟ ಕಚ್ಚಿದಂತಹ ಸಣ್ಣ ಗುಳ್ಳೆಗಳಿದ್ದವು. ಅವನ ಸಂಶಯ ಚಿಗಟದ ಮೇಲೆ ಬಿದ್ದಿತು. ಇಲಿಯ ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು, ರಕ್ತವನ್ನರಸಿ ಹತ್ತಿರದ ಮನುಷ್ಯನ ಮೈಯನ್ನೇರುತ್ತವೆಯೆಂದು ಅವನು ಊಹಿಸಿದನು.

1898ರ ಜೂನ್ 2ರಂದು ಕರಾಚಿಯಲ್ಲಿ ಅವನು ಒಂದು ಪ್ರಯೋಗವನ್ನು ನಡೆಸಿದನು. ದೊಡ್ಡ ಗಾಜಿನ ಪಾತ್ರೆಯಲ್ಲಿ ಪ್ಲೇಗು ತಗುಲಿದ ಇಲಿಯನ್ನೂ ಚಿಗಟಗಳನ್ನೂ ಇಟ್ಟನು. ಆರೋಗ್ಯವಂತ ಇಲಿಯೊಂದನ್ನು ತಂತಿಯ ಪಂಜರದಲ್ಲಿ ಮೇಲೆ ತೂಗುಹಾಕಿದನು. ಎರಡೂ ಒಂದನ್ನೊಂದು ಮುಟ್ಟುವಂತಿರಲಿಲ್ಲ. ರೋಗದ ಇಲಿ ಸತ್ತಿತು. ಕೆಲವೇ ದಿನಗಳಲ್ಲಿ ಮೇಲಿನ ಇಲಿಯೂ ಪ್ಲೇಗಿನಿಂದ ಸತ್ತಿತು. ಚಿಗಟಗಳಿಲ್ಲದ ರೋಗಿ ಇಲಿಯೊಡನೆ ಇರಿಸಿದ ಇಲಿಗಳಿಗೆ ರೋಗ ಬರಲಿಲ್ಲ.

ಆದರೆ ವಿದ್ವಾಂಸರು ಈ ಮಾತನ್ನು ನಂಬಲಿಲ್ಲ. ಕೆಲವರು ಹಳಿದರು. ಸಿಮೋಂ ಎದೆಗುಂದದೆ ಬ್ರೆಜಿಲ್ ದೇಶಕ್ಕೆ ಹೋಗಿ, ಅಲ್ಲಿ ಹಳದಿ ಜ್ವರದ ಸಂಶೋಧನೆಯಲ್ಲಿ ತೊಡಗಿದನು. 1905ರಿಂದ ಮುಂಬಯಿಯಲ್ಲಿ ಕೆಲಸಮಾಡಿದ ಪ್ಲೇಗು ಆಯೋಗವು ಅವನ ಮಾತೇ ನಿಜವೆಂದು ಸ್ಥಿರಪಡಿಸಿತು. ತನ್ನ ಮಾತು ಗೆದ್ದುದನ್ನು ಕಣ್ಣಾರೆ ಕಂಡ ಸಿಮೋಂ 1947ರ ಮಾರ್ಚ್ 3ರಂದು ತೀರಿಕೊಂಡನು.

ಇಂದು ಪ್ಲೇಗಿಗೆ ಮದ್ದಿದೆ. ಆದರೂ ಕಾಡುಮೇಡುಗಳ ಇಲಿಗಳಲ್ಲಿ ರೋಗಾಣು ಅಡಗಿ ಉಳಿಯಬಲ್ಲದು. ಆದುದರಿಂದ ಕಾಳುಕಡಿಗಳನ್ನು ಭದ್ರವಾಗಿಡುವುದು, ಸತ್ತ ಇಲಿಯನ್ನು ಬರಿಗೈಯಿಂದ ಮುಟ್ಟದಿರುವುದು, ಇಲಿಗಳು ಒಮ್ಮೆಗೇ ಸಾಯತೊಡಗಿದರೆ ಆರೋಗ್ಯ ಇಲಾಖೆಗೆ ತಿಳಿಸುವುದು ನಮ್ಮೆಲ್ಲರ ಕರ್ತವ್ಯ. ಜನಸಾಮಾನ್ಯರು ಅನುಭವದಿಂದ ಅರಿತಿದ್ದುದನ್ನು ಕಡೆಗಣಿಸದೆ, ಅದರ ಕಾರಣವನ್ನು ಹುಡುಕಿದುದೇ ಸಿಮೋಂನ ಹಿರಿಮೆ.