ಹೃದಯದ ಲೆಕ್ಕ ಹಾಕಿದ ವಿಲಿಯಂ ಹಾರ್ವೆ

ತಾಯಿಯ ಗರ್ಭದಲ್ಲಿ ಮಿಡಿಯತೊಡಗಿದ ಹೃದಯವು ಕೊನೆಯುಸಿರಿನವರೆಗೂ ಬಿಡುವಿಲ್ಲದೆ ದುಡಿಯುತ್ತದೆ. ನಾವು ನಿದ್ರಿಸುವಾಗಲೂ ಅದಕ್ಕೆ ರಜೆಯಿಲ್ಲ. ಹೃದಯವು ದೇಹಕ್ಕೆಲ್ಲ ರಕ್ತವನ್ನು ಕಳುಹಿಸುತ್ತದೆ, ಆ ರಕ್ತವೇ ಮರಳಿ ಹೃದಯಕ್ಕೆ ಬರುತ್ತದೆ ಎಂಬುದನ್ನು ಇಂದು ಪ್ರೌಢಶಾಲೆಯ ಮಕ್ಕಳೆಲ್ಲರೂ ಬಲ್ಲರು. ಆದರೆ ಸುಮಾರು ನಾಲ್ಕು ಶತಮಾನಗಳ ಹಿಂದೆ ಯುರೋಪಿನ ಹೆಸರಾಂತ ವೈದ್ಯರಿಗೂ ಇದು ತಿಳಿದಿರಲಿಲ್ಲ. ಇದನ್ನು ಪ್ರಯೋಗದಿಂದಲೂ ಲೆಕ್ಕದಿಂದಲೂ ಸಾಧಿಸಿ ತೋರಿಸಿದ ಕೀರ್ತಿ ಇಂಗ್ಲೆಂಡಿನ ವಿಲಿಯಂ ಹಾರ್ವೆಗೆ ಸಲ್ಲುತ್ತದೆ.

ಹಾರ್ವೆಯು ೧೫೭೮ರ ಏಪ್ರಿಲ್ ೧ರಂದು ದಕ್ಷಿಣ ಇಂಗ್ಲೆಂಡಿನ ಕಡಲತೀರದ ಫೋಕ್‌ಸ್ಟನ್ ಎಂಬ ಊರಿನಲ್ಲಿ ಜನಿಸಿದನು. ಕ್ಯಾಂಟರ್ಬರಿಯಲ್ಲಿ ಶಾಲಾಶಿಕ್ಷಣವನ್ನು, ಕೇಂಬ್ರಿಜ್‌ನಲ್ಲಿ ಉಚ್ಚ ಶಿಕ್ಷಣವನ್ನು ಮುಗಿಸಿ, ವೈದ್ಯಶಾಸ್ತ್ರವನ್ನು ಕಲಿಯಲು ಇಟಲಿಯ ಪಾಡುವಾ ನಗರಕ್ಕೆ ತೆರಳಿದನು. ಖಗೋಳವಿಜ್ಞಾನಿ ಗೆಲಿಲಿಯೊ ಅದೇ ವಿಶ್ವವಿದ್ಯಾಲಯದಲ್ಲಿ ಗಣಿತ ಬೋಧಿಸುತ್ತಿದ್ದ ಕಾಲವದು. ಅಲ್ಲಿ ಹಾರ್ವೆಗೆ ಗುರುವಾದವನು ಫ್ಯಾಬ್ರಿಶಿಯಸ್. ಆತನು ಕಟ್ಟಿಸಿದ ಮರದ ಅಂಗರಚನಾ ಮಂದಿರದಲ್ಲಿ ವಿದ್ಯಾರ್ಥಿಗಳು ಆರು ಸುತ್ತಿನ ಅಂತಸ್ತುಗಳಲ್ಲಿ ನಿಂತುಕೊಂಡೇ ಶವಚ್ಛೇದನವನ್ನು ನೋಡಬೇಕಾಗಿತ್ತು. ಅಭಿಧಮನಿಗಳ ಒಳಗೆ ಚಿಕ್ಕ ಚಿಕ್ಕ ಕವಾಟಗಳಿರುವುದನ್ನು ಫ್ಯಾಬ್ರಿಶಿಯಸ್ ವಿವರವಾಗಿ ತೋರಿಸಿದ್ದನು. ಕೈಕಾಲುಗಳಲ್ಲಿ ರಕ್ತ ತುಂಬಿ ನಿಲ್ಲದಂತೆ ಅದರ ವೇಗವನ್ನು ತಗ್ಗಿಸಲು ಅವು ಇವೆ ಎಂದು ಆತನು ತಿಳಿದಿದ್ದನು. ಅವುಗಳ ನಿಜವಾದ ಕೆಲಸವನ್ನು ಕಂಡುಹಿಡಿಯುವುದು ಶಿಷ್ಯನ ಪಾಲಿಗೆ ಉಳಿಯಿತು. ೧೬೦೨ರಲ್ಲಿ ಹಾರ್ವೆಯು ವೈದ್ಯ ಪದವಿ ಪಡೆದು ಸ್ವದೇಶಕ್ಕೆ ಮರಳಿದನು.

ಆ ಕಾಲದ ವೈದ್ಯರಿಗೆ ಗೇಲನ್ ಹೇಳಿದ್ದೇ ವೇದವಾಕ್ಯ. ಆತನು ಕ್ರಿ.ಶ. ಎರಡನೆಯ ಶತಮಾನದಲ್ಲಿ ಬಾಳಿದವನು. ತಿಂದ ಆಹಾರದಿಂದ ಯಕೃತ್ತಿನಲ್ಲಿ ಸದಾ ಹೊಸ ರಕ್ತ ಹುಟ್ಟುತ್ತದೆ, ಅದು ದೇಹದ ಅಂಗಗಳಿಗೆ ಹರಿದು ಅಲ್ಲಿಯೇ ವ್ಯಯವಾಗುತ್ತದೆ ಎಂಬುದು ಆತನ ಮತ. ರಕ್ತವು ಶ್ವಾಸಕೋಶಗಳ ಮೂಲಕ ಹಾದುಹೋಗುತ್ತದೆಂದು ಹದಿಮೂರನೆಯ ಶತಮಾನದಲ್ಲಿ ಅರಬ್ ವೈದ್ಯ ಇಬ್ನ್ ಅಲ್ ನಫೀಸ್ ಬರೆದಿದ್ದನಾದರೂ, ಇಡೀ ದೇಹದ ವಿಷಯದಲ್ಲಿ ಗೇಲನ್ನನ ಮಾತೇ ನಿಂತಿತ್ತು.

ಹಾರ್ವೆಯು ೧೬೦೯ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ವೈದ್ಯನಾದನು. ೧೬೧೬ರಿಂದ ವೈದ್ಯರ ಮಹಾವಿದ್ಯಾಲಯದಲ್ಲಿ ಅಂಗರಚನೆಯ ಮೇಲೆ ಉಪನ್ಯಾಸ ಕೊಡತೊಡಗಿದನು. ಅವನ ಉಪನ್ಯಾಸದ ಟಿಪ್ಪಣಿಗಳು ಈಗಲೂ ಉಳಿದಿವೆ. ಅವುಗಳಲ್ಲಿ ಲ್ಯಾಟಿನ್ನಿನ ನಡುನಡುವೆ ಅವನ ಮಾತೃಭಾಷೆ ಇಂಗ್ಲಿಷ್ ನುಸುಳಿದೆ. ಮನೆಯಲ್ಲೊಂದು, ಊರಿನಲ್ಲೊಂದು ಭಾಷೆಯಾಡುವ ಗಡಿನಾಡಿನ ನಮಗೆ ಇದು ಪರಿಚಿತವಾದ ಸಂಗತಿಯೇ ಸರಿ.

ಹೃದಯದ ಚಲನೆಯನ್ನು ಕಣ್ಣಿನಿಂದ ಕಾಣಬೇಕೆಂದು ಅವನು ನಾಯಿ, ಹಂದಿ, ಕಪ್ಪೆ, ಹಾವು, ಮೀನುಗಳನ್ನೆಲ್ಲ ಪರೀಕ್ಷಿಸಿದನು. ಥೇಮ್ಸ್ ನದಿಯ ಪಾರದರ್ಶಕವಾದ ಸಣ್ಣ ಸಿಗಡಿಯನ್ನು ಹಿಡಿದು, ಅದರ ಹೃದಯ ಮಿಡಿಯುವುದನ್ನು ಕಿಟಕಿಯೊಳಗಿಂದ ನೋಡಿದಂತೆ ನೋಡಿದನು. ಬಿಸಿರಕ್ತದ ಪ್ರಾಣಿಗಳ ಹೃದಯಬಡಿತ ಬಹಳ ವೇಗ, ಕಣ್ಣಿಗೆ ಸಿಗದು. ಕಪ್ಪೆ, ಹಾವುಗಳ ಹೃದಯವು ನಿಧಾನವಾಗಿ ಬಡಿಯುವುದರಿಂದ ಅದು ಸಂಕೋಚಗೊಂಡಾಗ ರಕ್ತವು ಹೊರಕ್ಕೆ ತಳ್ಳಲ್ಪಡುವುದು ಅವನಿಗೆ ಸ್ಪಷ್ಟವಾಯಿತು.

ಅನಂತರ ಅವನು ಲೆಕ್ಕಕ್ಕೆ ಕೈಹಾಕಿದನು. ಒಂದು ಬಡಿತಕ್ಕೆ ಅರ್ಧ ಔನ್ಸ್ ಮಾತ್ರ ರಕ್ತ ಹೊರಬೀಳುತ್ತದೆಂದು ಇಟ್ಟುಕೊಂಡರೂ, ಅರ್ಧ ಗಂಟೆಯ ಸಾವಿರ ಬಡಿತಗಳಲ್ಲಿ ೫೦೦ ಔನ್ಸ್, ಅಂದರೆ ಸುಮಾರು ೧೫ ಕಿಲೋಗ್ರಾಂ ರಕ್ತ ಹೊರಬೀಳಬೇಕು. ಇಡೀ ದೇಹದಲ್ಲೇ ಅಷ್ಟು ರಕ್ತವಿಲ್ಲ! ಯಾವ ಮನುಷ್ಯನೂ ಅರ್ಧ ಗಂಟೆಯಲ್ಲಿ ಅಷ್ಟು ರಕ್ತ ಹುಟ್ಟುವಷ್ಟು ಉಣ್ಣಲಾರ. ಆದ್ದರಿಂದ ಹೋದ ರಕ್ತವೇ ತಿರುಗಿ ಬರುತ್ತಿರಬೇಕು.

ವಿದ್ಯಾರ್ಥಿಗಳೇ, ಇಂದಿನ ಅಳತೆಯಲ್ಲಿ ನೀವೂ ಈ ಲೆಕ್ಕ ಮಾಡಿ ನೋಡಿರಿ. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ಒಂದು ಬಡಿತಕ್ಕೆ ಸುಮಾರು ೭೦ ಮಿಲಿಲೀಟರ್‌ನಂತೆ ನಿಮಿಷಕ್ಕೆ ೭೦ ಸಲ ಬಡಿದರೆ ೪,೯೦೦ ಮಿಲಿಲೀಟರ್ ಆಯಿತು. ದೇಹದಲ್ಲಿರುವುದು ಹೆಚ್ಚುಕಡಿಮೆ ೫ ಲೀಟರ್ ರಕ್ತ. ಅದೆಲ್ಲವೂ ಒಂದೇ ನಿಮಿಷದಲ್ಲಿ ಹೃದಯವನ್ನು ಹಾದುಹೋಗುತ್ತದೆ. ಗಂಟೆಗೆ ಸುಮಾರು ೩೦೦ ಲೀಟರ್. ೧೫ ಲೀಟರ್ ಹಿಡಿಯುವ ಕೊಡಗಳಾದರೆ ೨೦ ಕೊಡ!

ಇನ್ನು ಕವಾಟಗಳ ವಿಷಯ. ಹಾರ್ವೆಯು ಒಬ್ಬನ ತೋಳಿಗೆ ಪಟ್ಟಿ ಬಿಗಿದನು. ಮುಂಗೈಯ ಅಭಿಧಮನಿಗಳು ಉಬ್ಬಿ, ಕವಾಟಗಳು ಗಂಟುಗಳಂತೆ ಕಂಡುವು. ನಾಳವನ್ನು ಒಂದು ಬೆರಳಿನಿಂದ ಒತ್ತಿಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೇಲಿನ ಕವಾಟದ ಆಚೆಗೆ ಸವರಿದನು. ನಡುವಿನ ಭಾಗ ಬರಿದಾಯಿತು. ಮೇಲಿನಿಂದ ರಕ್ತ ಕೆಳಗಿಳಿಯಲಿಲ್ಲ. ಕೆಳಗಿನ ಬೆರಳನ್ನು ತೆಗೆದೊಡನೆ ಅದು ಕೆಳಗಿನಿಂದ ತುಂಬಿಕೊಂಡಿತು. ಅಭಿಧಮನಿಯ ರಕ್ತವು ಹೃದಯದ ಕಡೆಗೆ ಮಾತ್ರ ಹರಿಯುತ್ತದೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕೆ?

೧೬೨೮ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಅವನ ಪುಟ್ಟ ಲ್ಯಾಟಿನ್ ಗ್ರಂಥ ಅಚ್ಚಾಯಿತು. ಕೂಡಲೇ ವಿರೋಧವೂ ಎದ್ದಿತು. ಅವನಿಗೆ ತಲೆ ಕೆಟ್ಟಿದೆಯೆಂದು ಜನರು ಆಡಿಕೊಂಡರು. ಚಿಕಿತ್ಸೆಗೆ ಬರುವವರು ಕಡಿಮೆಯಾದರು. ಪ್ಯಾರಿಸಿನ ಪ್ರಸಿದ್ಧ ಅಂಗರಚನಾ ಶಾಸ್ತ್ರಜ್ಞ ರಿಯೋಲಾನ್ ಪ್ರಬಲವಾಗಿ ಖಂಡಿಸಿದನು. ಹಾರ್ವೆಯು ಆತುರಪಡಲಿಲ್ಲ. ೧೬೪೯ರಲ್ಲಿ, ಇಪ್ಪತ್ತೊಂದು ವರ್ಷಗಳ ಮೇಲೆ, ಸಭ್ಯವಾದ ಉತ್ತರವನ್ನು ಪ್ರಕಟಿಸಿದನು.

ಅವನು ದೊರೆ ಒಂದನೆಯ ಚಾರ್ಲ್ಸನ ವೈದ್ಯನೂ ಆಗಿದ್ದನು. ೧೬೪೨ರಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಆರಂಭವಾದಾಗ, ಲಂಡನ್ನಿನಲ್ಲಿದ್ದ ಅವನ ವಾಸದ ಕೋಣೆಗಳನ್ನು ಪಾರ್ಲಿಮೆಂಟಿನ ಸೈನಿಕರು ಸೂರೆ ಮಾಡಿದರು. ಹಲವು ವರ್ಷ ಶ್ರಮಪಟ್ಟು ಬರೆದಿಟ್ಟಿದ್ದ ಟಿಪ್ಪಣಿಗಳು ನಾಶವಾದುವು. ಇದಕ್ಕಿಂತ ದೊಡ್ಡ ನಷ್ಟವನ್ನು ತಾನು ಕಾಣಲಿಲ್ಲವೆಂದು ಅವನು ಕೊರಗಿದನು. ಆದರೂ ಕೆಲಸ ಬಿಡಲಿಲ್ಲ. ಪ್ರಾಣಿಗಳ ಸಂತಾನೋತ್ಪತ್ತಿಯನ್ನು ಕುರಿತ ಗ್ರಂಥವನ್ನು ೧೬೫೧ರಲ್ಲಿ ಹೊರತಂದನು. ೧೬೫೭ರ ಜೂನ್ ೩ರಂದು ತೀರಿಕೊಳ್ಳುವ ಮುನ್ನ ತನ್ನ ಸಿದ್ಧಾಂತವು ಬಹುಮಟ್ಟಿಗೆ ಅಂಗೀಕೃತವಾದುದನ್ನು ಕಣ್ಣಾರೆ ಕಂಡನು.

ಒಂದು ಪ್ರಶ್ನೆ ಮಾತ್ರ ಅವನಿಗೆ ಬಿಡಿಸಲಾಗದೆ ಉಳಿದಿತ್ತು. ಅಪಧಮನಿಯಿಂದ ಅಭಿಧಮನಿಗೆ ರಕ್ತವು ಯಾವ ದಾರಿಯಿಂದ ಹೋಗುತ್ತದೆ? ಆ ದಾರಿ ಬರಿಗಣ್ಣಿಗೆ ಕಾಣದು. ಅವನು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, ೧೬೬೧ರಲ್ಲಿ, ಇಟಲಿಯ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಲೋಮನಾಳಗಳನ್ನು ಕಂಡನು. ಬಿಟ್ಟಿದ್ದ ಕೊಂಡಿ ಸೇರಿತು.

ಹಾರ್ವೆಯು ಕಾಗದದ ಮೇಲೆ ಆರಂಭಿಸಿದ ಹೃದಯದ ಲೆಕ್ಕವು ಇಂದಿಗೂ ಮುಗಿದಿಲ್ಲ. ಹೃದಯದ ಪ್ರತಿಯೊಂದು ಬಡಿತಕ್ಕೂ ಮೊದಲು ಅದರ ಸ್ನಾಯುಗಳಲ್ಲಿ ವಿದ್ಯುತ್ತಿನ ಅಲೆಯೊಂದು ಹರಿಯುತ್ತದೆ. ೧೯೬೦ರಲ್ಲಿ ಇಂಗ್ಲೆಂಡಿನ ಡೆನಿಸ್ ನೋಬಲ್ ಅವರು ಹೃದಯದ ಜೀವಕೋಶದಲ್ಲಿ ವಿದ್ಯುತ್ತು ಏರಿಳಿಯುವ ಬಗೆಯನ್ನು ಸಮೀಕರಣಗಳಲ್ಲಿ ಬರೆದು ಗಣಕಯಂತ್ರದಿಂದ ಬಿಡಿಸಿದರು. ಈಗ ಇಡೀ ಹೃದಯದ ಗಣಿತ ಮಾದರಿಗಳನ್ನು ಗಣಕಯಂತ್ರಗಳಲ್ಲಿ ರಚಿಸುತ್ತಿದ್ದಾರೆ. ಕೆಲವೊಮ್ಮೆ ಆ ಅಲೆ ಒಡೆದು ನೀರಿನ ಸುಳಿಗಳಂತೆ ಸುತ್ತತೊಡಗುತ್ತದೆ. ಆಗ ಹೃದಯವು ಬಡಿಯುವ ಬದಲು ಬರಿದೇ ಅದುರುತ್ತದೆ. ಒಡನೆ ಚಿಕಿತ್ಸೆ ದೊರೆಯದಿದ್ದರೆ ಪ್ರಾಣವೇ ಹೋಗುತ್ತದೆ. ಆ ಸುಳಿಗಳು ಹೇಗೆ ಹುಟ್ಟುತ್ತವೆ, ಹೇಗೆ ಬದುಕಿಕೊಳ್ಳುತ್ತವೆ ಎಂಬುದು ಪೂರ್ಣವಾಗಿ ಬಗೆಹರಿದಿಲ್ಲ. ವೈದ್ಯರು, ಭೌತವಿಜ್ಞಾನಿಗಳು, ಗಣಿತಜ್ಞರು ಕೂಡಿ ಇದನ್ನು ಹುಡುಕುತ್ತಿದ್ದಾರೆ.

ವಿಜ್ಞಾನದಲ್ಲಿ ಎಲ್ಲವೂ ಕಂಡುಹಿಡಿದು ಮುಗಿದಿದೆಯೆಂದು ನಮ್ಮ ಮಕ್ಕಳು ಭಾವಿಸಬಾರದು. ಹಿರಿಯರು ಹೇಳಿದ್ದನ್ನು ಗೌರವದಿಂದ ಕೇಳೋಣ. ಜೊತೆಗೆ ಎಣಿಸಿ, ಅಳೆದು ನೋಡುವುದನ್ನೂ ರೂಢಿಸಿಕೊಳ್ಳೋಣ. ಇಂದು ಸಂಜೆ ಮನೆಯವರೆಲ್ಲರ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆದಿಡಿರಿ. ಅಜ್ಜನದು ಎಷ್ಟು, ತಂಗಿಯದು ಎಷ್ಟು, ಓಡಿ ಬಂದ ಮೇಲೆ ನಿಮ್ಮದು ಎಷ್ಟು ಎಂದು ಹೋಲಿಸಿ ನೋಡಿರಿ. ವ್ಯತ್ಯಾಸವೇಕೆಂಬ ಪ್ರಶ್ನೆ ತಾನಾಗಿಯೇ ಹುಟ್ಟುವುದು.